ಟಾಕಿಯ ತಳ ಕಾಣಬಾರದು

ಬಿಜಾಪುರದಲ್ಲಿ ಮನೆಯ ಗೋಡೆ ಹಸಿಯಾಗಿದೆ ಎಂದು ಯಾರಾದರೂ ದೂರಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ವಿಳಾಸ ಕೇಳುತ್ತಾರೆ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು. ನಮ್ಮ ಬಾಡಿಗೆ ಮನೆಯ ಮಲಗುವ ಕೋಣೆ ಜಿನುಗುತ್ತಿದೆ, ಕಪಾಟಿನ ಬಟ್ಟೆಗೆಲ್ಲ ಬೂಷ್ಟು ಬಂದಿದೆ ಎಂದು ಒಂದು ದಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಾಗ ಗಣಿತದ ಮೇಷ್ಟರು ಊಟದ ಡಬ್ಬಿಯಿಂದ ತಲೆ ಎತ್ತದೆ, "ಮೇಡಂ, ಆ ಹಸಿ ಒಂದೀಟು ನಮ್ಮ ಹೊಲಕ್ಕ ಕಳಸಿಕೊಡ್ರಿ" ಅಂದಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಊರೆಲ್ಲ ನಳಕ್ಕೆ ಬಾಯಿಬಿಟ್ಟು ಕಾಯುತ್ತಿದ್ದಾಗ ನೀರು ನಮ್ಮ ಗೋಡೆಯೊಳಗೆ ಆರಾಮಾಗಿ ಕುಳಿತಿತ್ತು.

ಅದನ್ನು ಅಲ್ಲಿ ಕೂರಿಸಿದವಳು ಮನೆಯ ಒಡತಿ. ಇಬ್ರಾಹಿಂಪುರದ ಆ ಓಣಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಹೋದ ತಿಂಗಳು ತೀರಿಕೊಂಡಳು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಯಿಗೆ ಆ ನಿಯಮ ಒಪ್ಪಿಗೆಯಿರಲಿಲ್ಲ. ಬದುಕಿದ್ದವರಿಗಿಂತ ಸತ್ತವರನ್ನೇ ಅವಳು ಹೆಚ್ಚು ಬೈಯುತ್ತಿದ್ದಳು, ತಿರುಗಿ ಮಾತಾಡುವುದಿಲ್ಲ ಎಂಬ ಅನುಕೂಲಕ್ಕೆ. ಹಾಗಾಗಿ ನಾನೂ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ಬೌದ್ಧ ಕುಟುಂಬ. ಬಾಡಿಗೆ ಮನೆ ಹುಡುಕುವಾಗ ಮೂರನೆಯ ಪ್ರಶ್ನೆಗೆ ತಯಾರಾಗಿಯೇ ಹೋಗುತ್ತೇವೆ. ಮೊದಲನೆಯದು ಎಲ್ಲಿ ನೌಕರಿ, ಎರಡನೆಯದು ಮನೆಯಲ್ಲಿ ಎಷ್ಟು ಮಂದಿ, ಮೂರನೆಯದು "ನೀವು ಯಾರ ಪೈಕಿ?" ಉತ್ತರ ಕೇಳಿದ ಕೂಡಲೇ ಮಾಲೀಕರ ತಮ್ಮ ಪುಣೆಯಿಂದ ಸಂಸಾರ ಸಮೇತ ಹೊರಟುಬಿಡುತ್ತಾನೆ, ಮನೆ ಅವನಿಗೇ ಬೇಕಾಗುತ್ತದೆ. ಆ ಬೇಸಿಗೆಯಲ್ಲಿ ಪುಣೆಯಿಂದ ಹೊರಟ ತಮ್ಮಂದಿರೆಲ್ಲ ನಿಜವಾಗಿ ಬಂದಿದ್ದರೆ ರೈಲಿಗೆ ಇನ್ನೆರಡು ಡಬ್ಬಿ ಜೋಡಿಸಬೇಕಾಗುತ್ತಿತ್ತು. ಆಯಿಯೂ ಮೊದಲೆರಡು ಪ್ರಶ್ನೆ ಕೇಳಿ ಮೂರನೆಯದಕ್ಕೆ ಬಾಯಿ ತೆರೆದಳು. ನನ್ನ ಗಂಡ ಟಿಕೋಟಾದ ಒಂದು ಕಚೇರಿಯಲ್ಲಿ ಗುಮಾಸ್ತ. ಪ್ರಶ್ನೆ ಪೂರ್ತಿ ಕೇಳುವ ತಾಳ್ಮೆ ಅವನಿಗೆ ಉಳಿದಿರಲಿಲ್ಲ.

"ಬೌದ್ಧರ್ರಿ" ಅಂದ.

"ಅದನ್ಯಾರ ಕೇಳಿದ್ರು ತಮ್ಮಾ? ನಳಾ ಬರೂ ದಿನ ಮನ್ಯಾಗ ಯಾರಿರ್ತೀರಿ ಅಂತ ಕೇಳಾಕತ್ತೇನಿ" ಅಂದಳು ಆಯಿ.

ಯಾರಾದರೂ ಒಬ್ಬರು ಇರುತ್ತೇವೆ ಎಂದು ಇಬ್ಬರೂ ಒಂದೇ ಉಸಿರಿಗೆ ಸುಳ್ಳು ಹೇಳಿದೆವು. ಮನೆ ಸಿಕ್ಕಿತು.

ರೈಲು ಹಳಿಯ ಮಗ್ಗುಲಿನ ಮನೆ. ಮುಂದಿನ ಅರ್ಧ ನಮಗೆ, ಹಿಂದಿನ ಅರ್ಧ ಆಯಿಗೆ. ಹಿತ್ತಲಲ್ಲಿ ಕಲ್ಲಿನ ನೀರಿನ ಟಾಕಿ. ಸೊಂಟದೆತ್ತರ ನೆಲದ ಮೇಲೆ, ಅದಕ್ಕೂ ಹೆಚ್ಚು ನೆಲದೊಳಗೆ. ತಗಡಿನ ಮುಚ್ಚಳಕ್ಕೆ ಬೀಗ, ಬೀಗದ ಕೀಲಿ ಆಯಿಯ ಸೀರೆ ಸೆರಗಿನ ಗಂಟಿನಲ್ಲಿ. ಆ ಟಾಕಿಗೆ ಮೂರೇ ಗೋಡೆ. ನಾಲ್ಕನೆಯದು ನಮ್ಮ ಮಲಗುವ ಕೋಣೆಯ ಗೋಡೆ. ಆಯಿಯ ಗಂಡ ರೈಲ್ವೆ ಗ್ಯಾಂಗಿನಲ್ಲಿದ್ದವನು, ಬಹಳ ಹಿಂದೆಯೇ ತೀರಿಕೊಂಡಿದ್ದ. ಅವನ ಬಗ್ಗೆ ಅವಳು ಹೊಗಳಿ ಆಡುತ್ತಿದ್ದ ಮಾತು ಒಂದೇ. "ಮೂರ ಗ್ವಾಡಿ ಕಟ್ಟಿ ನಾಕ ಗ್ವಾಡಿ ಟಾಕಿ ಮಾಡ್ಯಾನ ನನ್ನ ಗಂಡ. ಯಾವ ಇಂಜಿನಿಯರಿಗೆ ಬರತೈತಿ ಹೇಳ್ರಿ." ಆ ಉಳಿತಾಯದ ಒಳಗೇ ನಾವು ಮಲಗುತ್ತಿದ್ದೆವು.

ಬಂದ ಮೊದಲ ವಾರ ನಾನು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿ ಟಾಕಿಯ ಮುಚ್ಚಳದ ಮೇಲೆ ಬಕೀಟು ಇಟ್ಟೆ. ಆಯಿ ಒಳಗಿನಿಂದಲೇ, "ಅಕ್ಕೋರ, ಟಾಕಿ ಮುಟ್ಟಬ್ಯಾಡ್ರಿ" ಅಂದಳು. ನೀರು ಮತ್ತು ಮುಟ್ಟಬೇಡಿ, ಈ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ನಮ್ಮಂಥ ಮನೆಯವರಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೂರನೆಯ ಪ್ರಶ್ನೆ ಬಾಗಿಲಲ್ಲಿ ತಪ್ಪಿಸಿಕೊಂಡು ಹಿತ್ತಲಿನಿಂದ ಬಂತು ಅಂದುಕೊಂಡೆ. ನಾಲ್ಕು ದಿನ ಅವಳ ಮುಖ ನೋಡಲಿಲ್ಲ. ಐದನೆಯ ದಿನ ಅವಳ ಮನೆಗೆ ಪೂಜೆಗೆಂದು ಐನೋರು ಬಂದರು. ಮುಚ್ಚಳ ತೆರೆದಿತ್ತು. ತಮ್ಮ ಸ್ವಂತ ಹಿತ್ತಲು ಎಂಬಂತೆ ಐನೋರು ತಂಬಿಗೆ ಹಿಡಿದು ಬಗ್ಗಿದರು. ಆಯಿ ಕೈಯಲ್ಲಿದ್ದ ಸೌಟಿನಿಂದ ಅವರ ಮಣಿಕಟ್ಟಿಗೆ ಟಪ್ಪೆಂದು ಹೊಡೆದಳು.

"ಐನೋರ, ಮಂತ್ರ ನಿಮ್ಮದು. ನೀರು ನಂದು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಆಯಿಗೆ ಮೇಲು ಕೀಳು ಎಂಬ ಭೇದವಿರಲಿಲ್ಲ, ಎಲ್ಲರನ್ನೂ ಒಂದೇ ಸಮ ದೂರ ಇಟ್ಟಿದ್ದಳು. ಸ್ವಂತ ತಮ್ಮನನ್ನೂ ಬಿಟ್ಟಿರಲಿಲ್ಲ. ತವರಿನಿಂದ ಬಂದ ಒಂದು ಹಿತ್ತಾಳೆ ಚರಗಿ, ನೀರು ತೋಡುವ ತಂಬಿಗೆ, ಅವಳ ಬಳಿ ಇತ್ತಂತೆ. ಒಮ್ಮೆ ತಮ್ಮನ ಹೆಂಡತಿ ಬಂದು ಎರಡು ದಿನ ಇದ್ದು ಹೋದ ಮೇಲೆ ಅದು ಕಾಣಲಿಲ್ಲ. ಆಯಿ ಮರುದಿನವೇ ಬಸ್ಸು ಹತ್ತಿ ತವರೂರು ಕನಮಡಿಗೆ ಹೋಗಿ, ಊರ ಬಾಗಿಲ ಅಗಸಿಯಲ್ಲಿ ನಿಂತು, ನಾದಿನಿಯನ್ನು ಚರಗಿ ಕಳ್ಳಿ ಎಂದು ಊರಿಗೆಲ್ಲ ಕೇಳುವಂತೆ ಕೂಗಿ, ಅದೇ ಬಸ್ಸಿಗೆ ತಿರುಗಿ ಬಂದಿದ್ದಳು. ನಾವು ಮನೆಗೆ ಬರುವ ಹೊತ್ತಿಗೆ ಅದಾಗಿ ಹನ್ನೆರಡು ವರ್ಷ. ಅಕ್ಕ ತಮ್ಮ ಮಾತಾಡುತ್ತಿರಲಿಲ್ಲ. "ಒಂದು ಚರಗಿಗೆ ತವರು ಬಿಡ್ತೀರೇನು ಆಯಿ?" ಎಂದು ಕೇಳಿದ್ದೆ. "ಚರಗಿ ಅಲ್ಲರಿ, ಅದರಾಗ ನೀರಿತ್ತು" ಅಂದಿದ್ದಳು.

ಆ ಕನಮಡಿಯಲ್ಲಿ ಅವಳದು ಕುರಿ ಸಾಕುವವರ ಮನೆ. ಹುಡುಗಿಯಾಗಿದ್ದಾಗ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಗಡಿ ದಾಟಿ ಮಹಾರಾಷ್ಟ್ರದ ಬಾವಿಯಿಂದ ನೀರು ತರುತ್ತಿದ್ದಳಂತೆ. "ದಿನಾ ಎರಡ ಸಲ ಫಾರಿನ್ನಿಗೆ ಹೋಗಿ ಬರ್ತಿದ್ದೆ" ಎನ್ನುತ್ತಿದ್ದಳು. ತಂದ ನೀರು ಮೊದಲು ಕುರಿಗೆ, ಆಮೇಲೆ ಗಂಡಸರಿಗೆ, ಉಳಿದರೆ ಹೆಂಗಸರಿಗೆ. ಹಾಗೆ ಬೆಳೆದವಳಿಗೆ ಹಿತ್ತಲಲ್ಲೇ ಒಂದು ಟಾಕಿ ನೀರು ಸಿಕ್ಕಿಬಿಟ್ಟರೆ ಏನಾಗಬೇಕೋ ಅದೇ ಆಗಿತ್ತು. ಟಾಕಿಯ ತಳ ಕಾಣಬಾರದು ಎಂಬುದು ಅವಳ ಏಕೈಕ ಧರ್ಮ. ನಳ ಬಂದಾಗಲೆಲ್ಲ ಹಳೆಯ ನೀರಿನ ಮೇಲೆ ಹೊಸ ನೀರು ಬಿಟ್ಟು ಅಂಚಿನವರೆಗೆ ತುಂಬಿಸುವಳು. ಟಾಕಿ ಕಟ್ಟಿದಂದಿನಿಂದ ಅದು ಒಮ್ಮೆಯೂ ಖಾಲಿಯಾಗಿರಲಿಲ್ಲ. "ತಳಾ ಕಂಡ ಮನ್ಯಾಗ ಲಕ್ಷ್ಮಿ ನಿಂದ್ರೂದಿಲ್ಲ" ಎನ್ನುವಳು. ಲಕ್ಷ್ಮಿಗೆ ಈಜು ಬರುತ್ತದೆಯೇ ಎಂದು ನನ್ನ ಗಂಡ ಒಮ್ಮೆ ಕೇಳಿ ಎರಡು ದಿನ ಬೈಸಿಕೊಂಡ.

ಒಂದು ಚರಗಿ ನೀರು ಅವಳ ಕೈಯಲ್ಲಿ ನಾಲ್ಕು ಜನ್ಮ ಎತ್ತುತ್ತಿತ್ತು. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆಯದು ನೆಲದ ಫರಸಿಗೆ, ಫರಸಿಯದು ಕರಿಬೇವಿನ ಗಿಡಕ್ಕೆ. ಮನೆಗೆ ಬಂದವರಿಗೆ ಅರ್ಧ ಲೋಟ ಕೊಟ್ಟು, "ಬೇಕಾದ್ರ ಮತ್ತ ಕೇಳ್ರಿ" ಎನ್ನುವಳು. ಆ ಮುಖ ನೋಡಿ ಮತ್ತೆ ಕೇಳಿದವರನ್ನು ನಾನು ಕಾಣೆ. ನಳ ಬರುವ ದಿನ ಅವಳಿಗೆ ಊರಲ್ಲಿ ಮದುವೆಯೂ ಇಲ್ಲ, ಮಸಣವೂ ಇಲ್ಲ. ಬಬಲೇಶ್ವರದಲ್ಲಿ ಒಮ್ಮೆ ಹತ್ತಿರದವರ ಲಗ್ನ ನಳದ ದಿನವೇ ಬಂದುಬಿಟ್ಟಿತು. ಆಯಿ ಬೆಳಗಿನ ಬಸ್ಸಿಗೆ ಹೋಗಿ, ಮುಹೂರ್ತಕ್ಕೆ ಇನ್ನೂ ಒಂದು ತಾಸು ಇರುವಾಗಲೇ, ಅರಿಷಿಣ ಹಚ್ಚಿಕೊಂಡು ಕೂತ ಹುಡುಗಿಯ ಮೇಲೆ ಅಕ್ಕಿಕಾಳು ಒಗೆದು ತಿರುಗಿ ಬಂದಳು. "ಯಾವಾಗ ಒಗದ್ರೇನು, ಹತ್ತೂದು ಹತ್ತತೈತಿ" ಅಂದಳು.

ನೀರು ಬರುವ ಮೊದಲು ನಳದಲ್ಲಿ ಗಾಳಿ ನುಗ್ಗಿ ಖೊಕ್ ಖೊಕ್ ಎನ್ನುತ್ತದಲ್ಲ, ಅದನ್ನು ಆಯಿ ಓಣಿಯ ಆ ತುದಿಯಲ್ಲಿದ್ದರೂ ಕೇಳುತ್ತಿದ್ದಳು. "ನಳಾ ಕೆಮ್ಮಾಕತ್ತೈತಿ" ಎಂದು ಕೊಡ ಹಿಡಿದು ಓಡುವಳು. ಎಪ್ಪತ್ತು ದಾಟಿದ ಮೊಣಕಾಲು ಆ ಹೊತ್ತಿಗೆ ಮಾತ್ರ ನೋಯುತ್ತಿರಲಿಲ್ಲ. ನಾನು ಬಸ್ಸಿನಿಂದ ದಿನಾ ನೋಡುವ ಕಾಲುವೆಯ ಬಗ್ಗೆ, ಬಬಲೇಶ್ವರ ಟಿಕೋಟಾ ಸೀಮೆಗೆಲ್ಲ ನೀರು ಬಂದು ದ್ರಾಕ್ಷಿ ಹಬ್ಬಿರುವ ಬಗ್ಗೆ ಹೇಳಿದರೆ, "ಬಂದದ್ದು ಹೋಗೂದಿಲ್ಲೇನು?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹಸಿ ಮೊದಲು ಕಂಡದ್ದು ಕಪಾಟಿನ ಹಿಂದೆ. ಅಂಗೈಯಗಲ ಕಪ್ಪು ಕಲೆ, ಅದರ ಸುತ್ತ ಉಬ್ಬಿದ ಸುಣ್ಣ, ಮೂಗಿಗೆ ಹಳೆಯ ಗೋಣಿಚೀಲದ ವಾಸನೆ. ಕಪಾಟು ಸರಿಸಿ, ಆ ಗೋಡೆಯ ಮೇಲಿದ್ದ ಬುದ್ಧನ ಫೋಟೋ ತೆಗೆದು ಎದುರಿನ ಒಣ ಗೋಡೆಗೆ ಹಾಕಿ, ಕಲೆಯ ಮೇಲೆ ಶಾಲೆಯಿಂದ ತಂದ ಕರ್ನಾಟಕದ ನಕ್ಷೆ ಅಂಟಿಸಿದೆ. ಹಸಿ ಕೆಳಗಿನಿಂದ ಏರುವಂಥದ್ದು. ಮೊದಲ ತಿಂಗಳು ಚಾಮರಾಜನಗರ ಹೋಯಿತು, ಆಮೇಲೆ ಮೈಸೂರು, ಮಂಡ್ಯ. ದಸರೆ ಹೊತ್ತಿಗೆ ದಾವಣಗೆರೆಯವರೆಗೆ ರಾಜ್ಯ ಕಪ್ಪಾಗಿತ್ತು. ಬಿಜಾಪುರ ಒಣಗಿಯೇ ಇತ್ತು. ಇಲ್ಲಿ ಹಸಿ ಇಲ್ಲ ಎಂಬುದಕ್ಕೆ ನಕ್ಷೆಯೇ ಸಾಕ್ಷಿ ಎಂದು ನಾನು, ಗಂಡ, ಮಗಳು ಮೂವರೂ ನಕ್ಕೆವು. ಆಗ ಇನ್ನೂ ನಗುವ ಹಾಗಿತ್ತು.

ಆಯಿಯನ್ನು ಕರೆದು ತೋರಿಸಿದೆ. ಅವಳು ಗೋಡೆಯನ್ನು ಬಿಟ್ಟು ಮೊದಲು ಬುದ್ಧನ ಫೋಟೋ ನೋಡಿದಳು. "ಎಷ್ಟ ಶಾಂತ ಕುಂತಾರ. ಇವರ ಊರಾಗ ನಳಾ ದಿನಾ ಬರ್ತಿರಬೇಕು" ಅಂದಳು. ಆಮೇಲೆ ಕಲೆಗೆ ಕಾರಣ ಹೇಳತೊಡಗಿದಳು. ಕುಕ್ಕರಿನ ಹಬೆ. ಒದ್ದೆ ಟವೆಲ್ಲು. ಫ್ರಿಜ್ಜು. ನನ್ನ ಗಂಡ ದಿನಾ ತಲೆಗೆ ಸ್ನಾನ ಮಾಡುವುದು. "ಇಷ್ಟ ನೀರು ಮೈಮ್ಯಾಲ ಸುರಕೊಂಡ್ರ ಗ್ವಾಡಿ ಹಸಿ ಆಗದ ಏನಾಕ್ಕೈತಿ?"

"ಆಯಿ, ಟಾಕಿ ಸೋರಾಕತ್ತಿರಬೇಕು" ಅಂದೆ.

ಅವಳ ಮುಖದಲ್ಲಿ ನಗು ಹೋಯಿತು. "ಟಾಕಿ ಸೋರತೈತಿ ಅಂದ್ರ ನನ್ನ ಗಂಡ ಸೋರತಾನ ಅಂದಂಗ. ಅವಾ ಹಂತಾ ಕೆಲಸಾ ಮಾಡಾವಲ್ಲ." ಇಷ್ಟು ಹೇಳಿ ಹೋದವಳು ಮರುದಿನ ತಾನೇ ಸುಣ್ಣ ಕಲಸಿಕೊಂಡು, ಬ್ರಶ್ ಹಿಡಿದು ಬಂದು, ಸ್ಟೂಲು ಹತ್ತಿ ಇಡೀ ಗೋಡೆಗೆ ಬಳಿದಳು. ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಮೂಲೆಗೆ ಉಪ್ಪಿನ ಬಟ್ಟಲು ಇಟ್ಟಳು. ಜಿಪುಣಿ ಎಂದು ಅವಳನ್ನು ಬೈಯಲೂ ಆಗುತ್ತಿರಲಿಲ್ಲ, ನೀರೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕೇಳದೆಯೇ ಕೊಡುವವಳು. ಸುಣ್ಣ ಮೂರು ವಾರ ಬೆಳ್ಳಗಿತ್ತು. ನಾಲ್ಕನೆಯ ವಾರ ಬೂಷ್ಟು ಅದನ್ನು ತಿಂದುಕೊಂಡು ಮೇಲೆದ್ದಿತು.

ಎರಡನೆಯ ವರ್ಷ ನಗು ನಿಂತಿತು. ಎರಡನೆಯ ತರಗತಿಯಲ್ಲಿದ್ದ ನಮ್ಮ ಮಗಳು ಸುಜಾತಾಳಿಗೆ ಕೆಮ್ಮು ಹಿಡಿಯಿತು. ಕೆಮ್ಮು ಉಬ್ಬಸವಾಯಿತು. ಮಗು ಉಸಿರೆಳೆದರೆ ಎದೆಯೊಳಗೆ ಸಣ್ಣ ಸೀಟಿ ಕೇಳುತ್ತಿತ್ತು. ಡಾಕ್ಟರರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಹಿಡಿದುಕೊಂಡೇ, "ಮನ್ಯಾಗ ಹಸಿ ಐತೇನ್ರಿ?" ಎಂದು ಕೇಳಿದರು. ಇದೆ ಎಂದಾಗ ಅವರು ನಗಲಿಲ್ಲ. "ಹುಡುಗಿಗೆ ನಾ ಔಷಧಿ ಕೊಡತೀನಿ. ಗ್ವಾಡಿಗೆ ನೀವ ಕೊಡಬೇಕು. ಮಳಿಗಾಲ ಹತ್ತೂದರೊಳಗ ಗ್ವಾಡಿ ಒಣಗಲಿ, ಇಲ್ಲಾ ಮನಿ ಬಿಡ್ರಿ" ಅಂದರು. ನಾವು ಮತ್ತೆ ಮನೆ ಹುಡುಕಲು ಹೊರಟೆವು, ಪುಣೆಯ ತಮ್ಮಂದಿರು ಮತ್ತೆ ರೈಲು ಹತ್ತಿದರು. ಏಳು ಮನೆ ನೋಡಿ ಸುಸ್ತಾಗಿ ಬಂದು ಕೂತಾಗ ಜೀವನದಲ್ಲಿ ಮೊದಲ ಸಲ ನನಗೆ ಭಯವಾಯಿತು. ನನ್ನ ಮಗಳಿಗೆ ಉಸಿರಾಡಲು ಒಂದು ಒಣ ಕೋಣೆ ಬೇಕಿತ್ತು. ಇಷ್ಟು ಒಣಗಿದ ಊರಿನಲ್ಲಿ ಅದೊಂದು ಸಿಗುತ್ತಿರಲಿಲ್ಲ.

ನಮ್ಮ ಶಾಲೆಯ ಕಟ್ಟಡದ ಕೆಲಸಕ್ಕೆ ಬರುತ್ತಿದ್ದ ಕಳ್ಳಕವಟಗಿಯ ಗೌಂಡಿಯೊಬ್ಬನನ್ನು ಕರೆತಂದೆ. ಮಾತು ಕಡಿಮೆಯ ಮನುಷ್ಯ. ಕರಣಿಯ ಹಿಡಿಕೆಯಿಂದ ಗೋಡೆಯ ಉದ್ದಕ್ಕೂ ತಟ್ಟುತ್ತಾ, ಕಿವಿ ಹಚ್ಚಿ ಕೇಳುತ್ತಾ ಹೋದ. "ಗ್ವಾಡಿ ಮ್ಯಾಲಿಂದ ಕುಡದಿಲ್ಲರಿ, ಬಾಜೂಕಿಂದ ಕುಡದೈತಿ" ಅಂದ. ಆಮೇಲೆ ನನ್ನ ಪರ್ಸಿನಿಂದ ಚಾಕ್‌ಪೀಸ್ ಇಸಿದುಕೊಂಡು ಹಸಿಯ ಅಂಚಿಗೆ ಗೆರೆ ಎಳೆದು, "ದಿನಾ ಹಿಂಗ ಗೆರಿ ಹೊಡೀರಿ, ಮಗ್ಗಲಕ ತಾರೀಖ ಬರೀರಿ. ಮೂರ ವಾರ ಬಿಟ್ಟ ಬರ್ತೀನಿ" ಎಂದು ಹೋದ. ನಾನು ಹಾಗೇ ಮಾಡಿದೆ. ಮೂರು ವಾರದಲ್ಲಿ ಗೋಡೆ ಹೇಳಬೇಕಾದ್ದನ್ನು ಹೇಳಿತ್ತು. ನಳ ಬಂದ ಮರುದಿನ ಹಸಿ ಗೆರೆ ದಾಟುತ್ತಿತ್ತು, ಆಯಿ ನೀರು ಬಳಸುತ್ತ ಬಂದಂತೆ ಇಳಿಯುತ್ತಿತ್ತು, ಮತ್ತೆ ನಳ ಬಂದರೆ ಮತ್ತೆ ಏರುತ್ತಿತ್ತು.

ಗೌಂಡಿ ಆಯಿಯನ್ನು ಗೋಡೆಯ ಮುಂದೆ ನಿಲ್ಲಿಸಿ ತೋರಿಸಿದ. "ಆಯಿ, ಟಾಕಿ ಒಳಗ ಗಿಲಾವ ಬಿಟ್ಟೈತಿ. ಖಾಲಿ ಮಾಡಿ ಕೊಟ್ರ ನಾಕ ದಿನದಾಗ ಹೊಸಾ ಗಿಲಾವ ಮಾಡಿ ಕೊಡತೀನಿ."

"ಸಾಲಿ ಹುಡುಗ್ರಂಗ ಗ್ವಾಡಿ ಮ್ಯಾಲ ಗೀಚಿ ನನಗ ಪಾಠಾ ಹೇಳಾಕ ಬಂದೀಯೇನು? ನನ್ನ ಹೆಣಾ ಬಿದ್ದ ಮ್ಯಾಲ ಖಾಲಿ ಮಾಡ್ರಿ" ಎಂದು ಆಯಿ ಸೆರಗಿನ ಗಂಟು ಬಿಗಿ ಮಾಡಿಕೊಂಡಳು. ನನಗೆ ಅಳು ಬಂತು. ಅವಳ ಮುಂದೆ ಅಳಬಾರದೆಂದು ಅಡುಗೆಮನೆಗೆ ಹೋಗಿ ಅತ್ತೆ.

ಆ ವಾರವೇ ಒಂದು ಭಾನುವಾರ ಮಧ್ಯಾಹ್ನ ಸುಜಾತಾ ಮುಂದಿನ ಪಡಸಾಲೆಯಲ್ಲಿ ಬರೆಯುತ್ತ ಕೂತಿದ್ದಳು. ಕೆಮ್ಮು ಶುರುವಾಯಿತು, ಬಿಡಲಿಲ್ಲ. ನಾನು ಅವಳ ಬೆನ್ನು ತಿಕ್ಕುತ್ತಿದ್ದಾಗ ಹಿತ್ತಲ ಕಡೆಯಿಂದ ಆಯಿ ಕೊಡ ಹಿಡಿದು ಓಡಿ ಬಂದಳು. "ಇವತ್ತ ನಳಾ ಬರೂ ದಿನಾ ಅಲ್ಲಲಾ? ಕೆಮ್ಮಾಕತ್ತೈತಿ" ಎನ್ನುತ್ತ ಬಾಗಿಲಿಗೆ ಬಂದು ನಿಂತವಳು ಮಗುವನ್ನು ನೋಡಿದಳು. ಸುಜಾತಾಳ ತುಟಿ ನೀಲಿಗಟ್ಟಿತ್ತು. ಆಯಿ ಕೊಡ ಹಿಡಿದುಕೊಂಡೇ ನಿಂತಳು.

ಎರಡು ವರ್ಷ ನುಂಗಿದ್ದೆಲ್ಲ ಆಗ ನನ್ನ ಬಾಯಿಂದ ಬಂತು. "ನಳಾ ಅಲ್ಲ ಆಯಿ, ನನ್ನ ಮಗಳು. ಮನಿಗೆ ಬಂದವರಿಗೆ ಅರ್ಧಾ ಲೋಟಾ ಕೊಡ್ತೀರಿ. ಈ ಗ್ವಾಡಿಗೆ ಮಾತ್ರ ಇಷ್ಟ ವರ್ಷ ಟಾಕಿಗಟ್ಟಲೆ ಕುಡಿಸೀರಿ. ನೀರ ಕಾಯ್ದೀನಿ ಅಂತ ತಿಳಕೊಂಡೀರಿ ನೀವು. ನೀರ ನಿಮ್ಮ ಕಣ್ಣಮುಂದ ಓಡಿಹೋಗೇತಿ."

ಆಯಿ ಕೊಡವನ್ನು ಬಾಗಿಲಲ್ಲೇ ಬಿಟ್ಟು ಹೋದಳು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಬಂದಳು. ಆ ಕೊಡವನ್ನು ಎತ್ತಿ ನನ್ನ ಮುಂದೆ ಹಿಡಿದಳು. "ಒಂದ ಕೊಡಾ ನೀರ ಕೊಡು ಯವ್ವಾ. ಇವತ್ತ ನಾ ಟಾಕಿ ಮುಟ್ಟೂದಿಲ್ಲ" ಅಂದಳು. ಆವತ್ತಿನವರೆಗೆ ಅಕ್ಕೋರ, ಹೋಗ್ರಿ, ಬರ್ರಿ ಎನ್ನುತ್ತಿದ್ದವಳು ಮೊದಲ ಸಲ ಯವ್ವಾ ಎಂದಳು, ಮೊದಲ ಸಲ ಇನ್ನೊಬ್ಬರಿಂದ ನೀರು ಕೇಳಿದಳು. ಅದೂ ನಮ್ಮ ಮನೆಯ ಬ್ಯಾರಲ್ಲಿನ ನೀರು. ನಾನು ಅಂಚಿನವರೆಗೆ ತುಂಬಿ ಕೊಟ್ಟೆ. ಅರ್ಧ ಕೊಟ್ಟು "ಬೇಕಾದ್ರ ಮತ್ತ ಕೇಳ್ರಿ" ಅನ್ನಬೇಕೆಂದು ನಾಲಿಗೆ ತುರಿಸಿತು. ತಡೆದುಕೊಂಡೆ.

ಅವಳು ಏನು ಮಾಡುತ್ತಿದ್ದಾಳೆಂದು ಸಂಜೆ ಬಂದಾಗ ತಿಳಿಯಿತು. ನೀರು ಎಲ್ಲಿಗಿತ್ತೋ ಅಲ್ಲಿ ಟಾಕಿಯ ಕಲ್ಲಿಗೆ ಕುಂಕುಮದಿಂದ ಗುರುತು ಮಾಡಿ, ಮುಚ್ಚಳ ಮುಚ್ಚಿ, ಬೀಗ ಹಾಕಿ, ಅದರ ಮುಂದೆಯೇ ಇಡೀ ದಿನ ಕೂತಿದ್ದಳು. ಹನಿ ನೀರು ತೆಗೆದಿರಲಿಲ್ಲ, ಬೇರೆಯವರು ತೆಗೆಯಲು ಸಾಧ್ಯವೇ ಇರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮೆಲ್ಲರನ್ನೂ ಕರೆದು ಮುಚ್ಚಳ ತೆರೆದಳು. ನೀರು ಕುಂಕುಮದ ಗುರುತಿಗಿಂತ ನಾಲ್ಕು ಬೆರಳು ಕೆಳಗಿತ್ತು.

ಆಯಿ ಬೆರಳು ಇಟ್ಟು ಅಳೆದಳು. ಇನ್ನೊಮ್ಮೆ ಅಳೆದಳು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತಳು.

"ದಿನಕ್ಕ ನಾಕ ಬಟ್ಟ. ಎಷ್ಟ ವರ್ಷ ಆತು ಯವ್ವಾ? ಎಷ್ಟ ಕೊಡಾ ಹೋಗಿರಬೇಕು? ನಾ ಮಂದಿಗೆ ಇಲ್ಲಾ ಅಂದದ್ದ ಎಲ್ಲಾ ಇಲ್ಲೇ ಹರದ ಹೋತು." ನಮ್ಮ ಗೋಡೆಯ ಕಡೆ ನೋಡಿ, "ಆ ಹುಡುಗಿ ಎದಿಯಾಗೂ ಹೋತು" ಅಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಳುವಾಗಲೂ ಕಣ್ಣೀರನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ನೆಲಕ್ಕೆ ಬೀಳಲು ಬಿಡಲಿಲ್ಲ.

ಟಾಕಿ ಖಾಲಿ ಮಾಡುವುದೇನೋ ಸರಿ, ಆದರೆ ಮೋಟರು ಹಚ್ಚಿ ಗಟಾರಕ್ಕೆ ಬಿಡುತ್ತೇನೆ ಎಂದ ಗೌಂಡಿಯ ಮೇಲೆ ಆಯಿ ಸೌಟು ಎತ್ತಿದಳು. ಓಣಿಗೆಲ್ಲ ಹೇಳಿಕಳಿಸಿದಳು. ಜನ ಮೊದಲು ನಂಬಲಿಲ್ಲ. ಆಯಿ ನೀರು ಹಂಚುತ್ತಿದ್ದಾಳೆ ಎಂದರೆ ಅವಳ ಅಂತ್ಯಕಾಲ ಬಂದಿದೆ ಎಂದೇ ಅರ್ಥ ಮಾಡಿಕೊಂಡರು. ಎದುರು ಮನೆಯ ಮುದುಕ ಬರಿಗೈಯಲ್ಲಿ ಬಂದು ಬಾಗಿಲಲ್ಲೇ ಪಿಸುಗುಟ್ಟಿ, "ಡಾಕ್ಟರ್ ಏನಂದ್ರು?" ಎಂದು ಕೇಳಿದ. ಆಯಿಯೇ ಒಳಗಿನಿಂದ, "ನಿನ್ನ ಮಣ್ಣ ಮುಗಿಸಿ ಆಮ್ಯಾಲ ಹೋಗಂದಾನ, ಮೊದಲ ಕೊಡಾ ತಗೊಂಬಾ" ಎಂದು ಕೂಗಿದ ಮೇಲೆ ಎಲ್ಲರಿಗೂ ಧೈರ್ಯ ಬಂತು. ಕೊಡ, ಹಂಡೆ, ಬಕೀಟು, ಪಾತೇಲಿ, ಒಬ್ಬಾಕೆ ತೊಟ್ಟಿಲ ಮಗುವಿನ ಟಬ್ಬನ್ನೇ ಎತ್ತಿಕೊಂಡು ಬಂದಳು. ಆಯಿ ಟಾಕಿಯ ಪಕ್ಕ ನಿಂತು ಎಲ್ಲರಿಗೂ ತುಂಬ ತುಂಬ ಹಾಕಿಸಿದಳು. ಪ್ರತಿ ಕೊಡಕ್ಕೂ, "ಚೆಲ್ಲಿದ್ರ ನೋಡು" ಎಂಬ ಆಶೀರ್ವಾದ ಬೇರೆ.

ಮಧ್ಯಾಹ್ನದ ಹೊತ್ತಿಗೆ ತಳ ಕಂಡಿತು. ಲಕ್ಷ್ಮಿ ಏನೂ ಎದ್ದು ಹೋದಂತೆ ಕಾಣಲಿಲ್ಲ. ನಮ್ಮ ಗೋಡೆಯ ಮಗ್ಗುಲಿಗೆ ಗಿಲಾವು ಕಿತ್ತು ಕಲ್ಲಿನ ಸಂದು ಬಾಯಿ ತೆರೆದಿತ್ತು, ನನ್ನ ಮುಂಗೈ ಹೋಗುವಷ್ಟು. ತಳದಲ್ಲಿ ಮೊಣಕಾಲುದ್ದ ಕೆಸರು. ಅದನ್ನು ಬಾಚಲು ಇಳಿದ ಗೌಂಡಿಯ ಸಲಿಕೆ ಠಣ್ ಎಂದಿತು. ಅವನು ಕೈ ಹಾಕಿ ಎತ್ತಿ, ಕೆಸರು ಒರೆಸಿ, ಮೇಲಕ್ಕೆ ಹಿಡಿದ.

ಹಿತ್ತಾಳೆ ಚರಗಿ.

ಆ ಚರಗಿಯ ಕಥೆ ಗೊತ್ತಿಲ್ಲದವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ನೀರು ತೋಡುವಾಗ ಆಯಿಯ ಕೈಯಿಂದಲೇ ಜಾರಿ ಬಿದ್ದದ್ದು. ತಳ ನೋಡಬಾರದು ಎಂಬ ಹಟಕ್ಕೆ ಹನ್ನೆರಡು ವರ್ಷ ಮತ್ತೆರಡು ವರ್ಷ ಅಲ್ಲೇ ಮಲಗಿತ್ತು. ಆಯಿ ಚರಗಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಗೌಂಡಿಗೆ, "ಬಾಯಿ ಮುಚಗೊಂಡ ಕೆಲಸಾ ಮಾಡು" ಅಂದಳು. ಅವನು ಆವತ್ತು ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ.

ಇಷ್ಟು ಜನ ನೋಡಿರದಿದ್ದರೆ ಅವಳು ಚರಗಿಯನ್ನು ಅಡಗಿಸಿಡುತ್ತಿದ್ದಳೇನೋ ಎಂದು ನನ್ನ ಗಂಡನ ಅನುಮಾನ. ನನಗೆ ಹಾಗನ್ನಿಸುವುದಿಲ್ಲ. ಹುಣಸೆಹಣ್ಣು ಹಚ್ಚಿ ಹೊಳೆಯುವಂತೆ ತಿಕ್ಕಿ, ಮರುದಿನದ ಬಸ್ಸಿಗೆ ಕನಮಡಿಗೆ ಹೋದಳು. ಆವತ್ತು ನಳ ಬರುವ ದಿನವಾಗಿತ್ತು, ಟಾಕಿಯಲ್ಲಿ ಗಿಲಾವು ನಡೆದಿತ್ತು ಎಂಬುದು ಬೇರೆ ಮಾತು. ಸಂಜೆ ಬಂದವಳನ್ನು ಏನಾಯಿತು ಎಂದು ಕೇಳಿದೆ.

"ಅದ ಅಗಸ್ಯಾಗ ನಿಂತು, ನಾನ ಕಳ್ಳಿ ಅಂತ ಒದರಿದೆ. ನಾದಿನಿ ಬೈದಳು. ಹೊಟ್ಟಿ ತುಂಬ ಬೈದಳು. ಆಮ್ಯಾಲ ಊಟಕ್ಕ ಹಾಕಿದಳು" ಅಂದಳು. ಚರಗಿಯನ್ನು ಅಲ್ಲೇ ಬಿಟ್ಟು ಬಂದಿದ್ದಳು.

ಗೋಡೆ ಒಮ್ಮೆಗೇ ಒಣಗಲಿಲ್ಲ. ಮಳೆಗಾಲವಿಡೀ ಸುಜಾತಾಳನ್ನು ಪಡಸಾಲೆಯಲ್ಲೇ ಮಲಗಿಸಿದೆವು. ದೀಪಾವಳಿಗೆ ಗೌಂಡಿ ಬಂದು ತಟ್ಟಿ ನೋಡಿ, "ಈಗ ಸುಣ್ಣಾ ಹೊಡೀರಿ" ಅಂದ. ಮುಂದಿನ ಚಳಿಗಾಲದಲ್ಲಿ ಮಗುವಿನ ಎದೆಯ ಸೀಟಿ ನಿಂತಿತ್ತು. ಹೊಸ ಟಾಕಿಯನ್ನು ಅಂಚಿನವರೆಗೆ ತುಂಬಿಸಬೇಡಿ, ನಾಲ್ಕು ಬೆರಳು ಬಿಡಿ ಎಂದು ಗೌಂಡಿ ಹೇಳಿದ್ದನ್ನು ಆಯಿ ಪಾಲಿಸಿದಳು, ಪ್ರತಿ ಸಲವೂ ಅವನಿಗೆ ಶಾಪ ಹಾಕುತ್ತ. ಅತಿಥಿಗಳಿಗೆ ಕೊಡುವ ನೀರು ಅರ್ಧ ಲೋಟದಿಂದ ಮುಕ್ಕಾಲಿಗೆ ಏರಿತು. ಪೂರ್ತಿ ತುಂಬಲು ಮಾತ್ರ ಕೊನೆಯವರೆಗೂ ಅವಳ ಕೈ ಬರಲಿಲ್ಲ. ಎರಡು ವರ್ಷದ ಬಳಿಕ ನಾವು ಬಬಲೇಶ್ವರಕ್ಕೇ ಮನೆ ಮಾಡಿಕೊಂಡು ಬಂದೆವು.

ಹೋದ ತಿಂಗಳು ಗೌಂಡಿಯೇ ಫೋನ್ ಮಾಡಿದ. "ಆಯಿ ಹೋದಳ್ರಿ ಅಕ್ಕೋರ" ಅಂದ. ನಾವು ಮೂವರೂ ಹೋದೆವು. ಪಡಸಾಲೆಯಲ್ಲಿ ಆಯಿಯನ್ನು ಕೂರಿಸಿ ಹೂ ಹಾಕಿದ್ದರು. ಕನಮಡಿಯಿಂದ ತಮ್ಮ, ತಮ್ಮನ ಹೆಂಡತಿ ಬಂದಿದ್ದರು. ಹೆಣದ ಮನೆಯಲ್ಲಿ ಮಾಡಬಾರದ್ದನ್ನು ನಾನು ಮಾಡಿದೆ. ಒಳಗೆ ಹೋಗಿ, ನಾವು ಮಲಗುತ್ತಿದ್ದ ಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿದೆ. ಒಣಗಿತ್ತು. ತಿರುಗಿದರೆ ಸುಜಾತಾಳೂ ಬಂದು ಮುಟ್ಟುತ್ತಿದ್ದಳು.

ಹೊರಗೆ ಸಿದ್ಧತೆ ಮುಗಿದು ನಾಲ್ಕು ಜನ ಎತ್ತಲು ಬಗ್ಗಿದರು. ಅಷ್ಟರಲ್ಲಿ ಹಿತ್ತಲಲ್ಲಿ ನಳ ಕೆಮ್ಮಿತು.

ಬಗ್ಗಿದವರು ಬಗ್ಗಿದ ಹಾಗೇ ನಿಂತರು. ಅಳುತ್ತಿದ್ದವರು ನಿಲ್ಲಿಸಿದರು. ಇನ್ನೊಮ್ಮೆ ಕೆಮ್ಮಿತು. ಎಲ್ಲರ ಕಣ್ಣೂ ಆಯಿಯ ಮುಖದ ಕಡೆ ಹೋಯಿತು, ಈಗ ಎದ್ದಾಳು ಎಂಬಂತೆ.

"ಮೊದಲ ಟಾಕಿ ತುಂಬಸ್ರಿ" ಅಂದ ತಮ್ಮ. "ಇಲ್ಲಾಂದ್ರ ಅರ್ಧಾ ದಾರಿಯಿಂದ ತಿರುಗಿ ಬರ್ತಾಳ."

ಕೀಲಿ ಎಂದಿನಂತೆ ಸೆರಗಿನ ಗಂಟಿನಲ್ಲಿತ್ತು. ಅದಕ್ಕೆ ಕೈ ಹಾಕುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ನಾದಿನಿ ಮುಂದೆ ಬಂದು, ಕೂತು, ಆ ಗಂಟನ್ನು ನಿಧಾನ ಬಿಚ್ಚಿದಳು. "ಈಗ ಖರೇನ ಕಳ್ಳಿ ಆದ್ನಿ ನೋಡ ಅಕ್ಕಾ" ಎಂದು ಆಯಿಯ ಕಿವಿಗೆ ಹೇಳಿ, ಕಣ್ಣೊರೆಸಿಕೊಂಡು, ಸುತ್ತ ನೋಡಿ ಕೀಲಿಯನ್ನು ನನ್ನ ಕೈಗೆ ಕೊಟ್ಟಳು.

"ನೀವ ತುಂಬಸ್ರಿ ಅಕ್ಕೋರ. ಎಲ್ಲಿತನಕ ಅನ್ನೂದ ನಿಮಗ ಗೊತ್ತೈತಿ."

ಮುಟ್ಟಬ್ಯಾಡ್ರಿ ಎಂದಿದ್ದ ಟಾಕಿಯ ಮುಚ್ಚಳ ತೆರೆದು ಪೈಪು ಬಿಟ್ಟೆ. ಸುಜಾತಾ ಟಾಕಿಯ ಅಂಚಿಗೆ ಬೆರಳಿಟ್ಟು ಅಳೆಯುತ್ತ ನಿಂತಳು. ಮುಂದೆ ಪಡಸಾಲೆಯಲ್ಲಿ ಇಡೀ ಓಣಿ ಕಾಯುತ್ತಿತ್ತು, ಯಾರೂ ಅವಸರ ಮಾಡಲಿಲ್ಲ. ಅಂಚಿಗೆ ನಾಲ್ಕು ಬೆರಳು ಉಳಿದಾಗ ನಳ ನಿಲ್ಲಿಸಿ, ಬೀಗ ಹಾಕಿ, ಆಗಿದೆ ಎಂದು ಹೇಳಿದೆ. ಆಮೇಲೆ ಆಯಿಯನ್ನು ಎತ್ತಿದರು.